ಮಾರ್ಟಿನಾ ರೆಬೆಲ್ಲೊ ಹಚ್ಚಿದ ಬಣ್ಣಗಳು

ಮಾರ್ಟಿನಾ ರೆಬೆಲ್ಲೊಗೆ ಒಂದು ಕಡೆ ಕೂತಿರುವುದು ಮೊದಲಿನಿಂದಲೂ ಆಗದ ಕೆಲಸ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಅವಳು ಮತ್ತು ಗಂಡ ಡಿಕ್ಸನ್ ಇಪ್ಪತ್ತೊಂದು ವರ್ಷದಲ್ಲಿ ಒಂಬತ್ತು ಮನೆ ಬದಲಿಸಿದ್ದಾರೆ, ಒಂಬತ್ತೂ ಅದೇ ನಾಲ್ಕು ಬೀದಿಗಳೊಳಗೆ. ಬಾಡಿಗೆ ಏರಿತೆಂದು ಎರಡು ಸಲ, ಕಟ್ಟಡ ಕೆಡವುತ್ತಾರೆಂದು ಒಂದು ಸಲ. ಉಳಿದದ್ದೆಲ್ಲ ಮನೆ ಅವಳಿಗೆ ಸರಿಬರಲಿಲ್ಲವೆಂದು. ಮುಶ್ರಿಫ್ ಚರ್ಚಿನಲ್ಲಿ ಕೊಂಕಣಿ ಪೂಜೆ ಮುಗಿಯುವ ಮೊದಲೇ ಅವಳು ಎದ್ದು ಬಾಗಿಲ ಹತ್ತಿರ ನಿಂತಿರುತ್ತಾಳೆ. ಆಸ್ಪತ್ರೆಯೊಂದರ ಔಷಧ ಉಗ್ರಾಣ ನೋಡಿಕೊಳ್ಳುವ ಡಿಕ್ಸನ್ ಮಹಾ ನಿಧಾನಸ್ಥ. "ಇವಳ ಕಾಲಲ್ಲಿ ಚಕ್ರ ಉಂಟು" ಎಂದು ಬಂದವರ ಮುಂದೆಲ್ಲ ಹೇಳುತ್ತಾನೆ.

ಅವಳ ಕೆಲಸ ಇದ್ದದ್ದು ದುಬೈಯಲ್ಲಿ. ಬೆಳಿಗ್ಗೆ ಆರೂಕಾಲಿಗೆ ಐದು ಜನ ಸೇರಿ ಹೋಗುವ ಕಾರ್ ಲಿಫ್ಟ್ ಹತ್ತಿದರೆ, ಒಂದೂಕಾಲು ಗಂಟೆ ಮರಳು ನೋಡಿಕೊಂಡು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ ಬಂದಿಳಿಯುವುದು. ಅಲ್ಲಿ ಅಲ್ಯೂಮಿನಿಯಂ ಕಿಟಕಿ ಮಾಡುವ ಕಾರ್ಖಾನೆಯ ಪಕ್ಕದ ಕಟ್ಟಡದಲ್ಲಿ, ಮೊದಲ ಮಹಡಿಯಲ್ಲಿ, ಹೋಟೆಲು ಮತ್ತು ಕ್ಲಿನಿಕ್ಕುಗಳಿಗೆ ಜನ ಒದಗಿಸುವ ಕಂಪೆನಿ. ಮಾಲೀಕ ಭಟ್ಕಳದ ಅಬ್ದುಲ್ ಹಸೀಬ್. ಅಪ್ಪ ದುಬೈಯ ದೇರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಮಗ ಬಟ್ಟೆ ಬಿಟ್ಟು ಜನರ ವ್ಯಾಪಾರಕ್ಕೆ ಇಳಿದ. ಇದು ಹಸೀಬರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದ ಮಾತು.

ಮಾರ್ಟಿನಾ ಅಲ್ಲಿ ಹದಿನಾರು ವರ್ಷ ದುಡಿದಳು. ಬಂದ ಅರ್ಜಿಗಳನ್ನೆಲ್ಲ ಓದಿ, ಯಾರನ್ನು ಯಾವ ಹೋಟೆಲಿಗೆ, ಯಾವ ಕೆಲಸಕ್ಕೆ ಕಳಿಸಬಹುದೆಂದು ಮೊದಲ ಸಲ ವಿಂಗಡಿಸುವುದು ಅವಳ ಕೆಲಸ. ಸೇರಿದ ತಿಂಗಳಲ್ಲೇ ಅವಳಿಗೆ ಒಂದು ವಿಷಯ ತಿಳಿಯಿತು: ಹೋಟೆಲಿನವರು ಬರೆದು ಕಳಿಸುವುದು ಒಂದು, ಫೋನಿನಲ್ಲಿ ಹೇಳುವುದು ಇನ್ನೊಂದು. "ಸ್ವಾಗತ ಕೌಂಟರಿಗೆ ಆರು ಜನ ಬೇಕು, ಒಳ್ಳೆಯ ಇಂಗ್ಲಿಷ್, ಎರಡು ವರ್ಷದ ಅನುಭವ" ಎಂದು ಕಾಗದ ಬರುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಫೋನು. "ಮಾರ್ಟಿನಾ, ಫಿಲಿಪೀನ್ಸಿನವರಿದ್ದರೆ ನೋಡಿ. ಇಲ್ಲದಿದ್ದರೆ ಸ್ವಲ್ಪ ಬೆಳ್ಳಗಿನವರು. ಕೌಂಟರ್ ಅಲ್ವಾ, ನಿಮಗೆ ಗೊತ್ತಲ್ಲ." ಕಾವಲಿಗೆ ಆಫ್ರಿಕಾದವರು ಇಲ್ಲವೇ ನೇಪಾಳಿಗಳು. ಲಾಂಡ್ರಿಗೆ ಯಾರಾದರೂ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ. ಇವು ಯಾವುದೂ ಬರಹದಲ್ಲಿ ಬರುತ್ತಿರಲಿಲ್ಲ. ಆಮೇಲೆ ಇದನ್ನೆಲ್ಲ ತಡೆಯುವ ಕಾನೂನು ಬಂದಾಗ ಕಾಗದದ ಭಾಷೆ ಇನ್ನೂ ಚೊಕ್ಕವಾಯಿತು, ಫೋನು ಮಾತ್ರ ಹಾಗೆಯೇ ಬರುತ್ತಿತ್ತು.

ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳಲಾರದೆ ಅವಳು ಕಂಪ್ಯೂಟರಿನ ಪಟ್ಟಿಯಲ್ಲಿ ಪ್ರತಿಯೊಬ್ಬರ ಸಾಲಿಗೂ ಒಂದು ಬಣ್ಣ ಹಚ್ಚತೊಡಗಿದಳು. ಹಳದಿ ಎಂದರೆ ಕೌಂಟರು, ಅತಿಥಿಗಳ ಕಣ್ಣಿಗೆ ಬೀಳುವವರು. ಹಸಿರು ಎಂದರೆ ಕೋಣೆ, ಊಟದ ಸಾಲೆ. ನೀಲಿ ಎಂದರೆ ಅಡಿಗೆಮನೆ, ಲಾಂಡ್ರಿ. ಕಂದು ಎಂದರೆ ಹೊರಗೆ, ಬಿಸಿಲಲ್ಲಿ. ಅರ್ಜಿಯ ಮೇಲಿನ ಫೋಟೊ, ಪಾಸ್‌ಪೋರ್ಟು, ಹೆಸರು, ಫೋನಿನಲ್ಲಿ ಮಾತಾಡಿದಾಗಿನ ಉಚ್ಚಾರ, ಇಷ್ಟು ನೋಡಿ ಅರೆ ನಿಮಿಷದಲ್ಲಿ ಬಣ್ಣ ಹಚ್ಚುತ್ತಿದ್ದಳು. ಹೋಟೆಲಿನಿಂದ ಫೋನು ಬಂದರೆ ಒಂದು ಬಣ್ಣ ಸೋಸಿ ತೆಗೆದರೆ ಸಾಕು. ಬೇರೆ ಕಂಪೆನಿಗಳು ಎರಡು ದಿನ ತೆಗೆದುಕೊಳ್ಳುವುದನ್ನು ಅವಳು ಚಹಾ ಆರುವುದರೊಳಗೆ ಮುಗಿಸುತ್ತಿದ್ದಳು. ಇದು ಅವಳ ಹೆಮ್ಮೆಯಾಗಿತ್ತು. ಬಣ್ಣಗಳ ಅರ್ಥವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಕೇಳಿದವಳು ಹಸೀಬರ ಮಗಳು ರುಮೈಸಾ.

ರುಮೈಸಾ ದುಬೈಯಲ್ಲೇ ಹುಟ್ಟಿ ಬೆಳೆದವಳು, ಇಪ್ಪತ್ನಾಲ್ಕರ ಹುಡುಗಿ, ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಒಂದೇ ಓದು, ಒಂದೇ ಅನುಭವ ಇರುವ ಇಬ್ಬರಿಗೆ ಬೇರೆ ಬೇರೆ ಸಂಬಳ ಏಕೆ ಸಿಗುತ್ತದೆ, ಅದರಲ್ಲಿ ದೇಶ, ಜನಾಂಗ, ಹೆಸರು, ಮೈಬಣ್ಣದ ಪಾಲು ಎಷ್ಟು ಎಂದು ಅಳೆಯುವುದು ಅವಳ ಪ್ರಬಂಧದ ವಿಷಯ. ಅಪ್ಪನನ್ನು ಕಾಡಿಬೇಡಿ, ಹೆಸರು ಅಳಿಸಿದ ಹತ್ತು ವರ್ಷಗಳ ಪಟ್ಟಿಯನ್ನು ಪಡೆದುಕೊಂಡಳು. ಫೆಬ್ರವರಿಯ ಒಂದು ಬುಧವಾರ ಲ್ಯಾಪ್‌ಟಾಪ್ ಹಿಡಿದು ಮಾರ್ಟಿನಾಳ ಮೇಜಿನ ಮುಂದೆ ಬಂದು ಕೂತಳು. ಮನೆಯಲ್ಲಿ ಅವಳದು ನವಾಯತಿ, ಮಾರ್ಟಿನಾಳದು ಕೊಂಕಣಿ. ಎರಡೂ ಅಕ್ಕತಂಗಿಯರಂಥ ಮಾತುಗಳಾದ್ದರಿಂದ ಇಬ್ಬರೂ ತಮ್ಮ ತಮ್ಮದರಲ್ಲಿ ಶುರು ಮಾಡಿ, ಅರ್ಧಕ್ಕೆ ಇಂಗ್ಲಿಷಿಗೆ ಹಾರುತ್ತಿದ್ದರು.

"ಆಂಟಿ, ಈ ಶೀಟಲ್ಲಿ ನಾಲ್ಕು ಕಲರ್ ಉಂಟು. ಏನಿದು? ಎಲ್ಲೂ ಎಕ್ಸ್‌ಪ್ಲೇನ್ ಮಾಡಿಲ್ಲ."

"ಅದಾ? ಅದೆಂತ ಇಲ್ಲ ಮಾರಾಯ್ತಿ. ಬಿಳೀದು ನೋಡಿ ನೋಡಿ ಕಣ್ಣು ಬಚ್ಚುತ್ತದೆ. ಚಂದಕ್ಕೆ ಹಾಕಿದ್ದು."

ರುಮೈಸಾ ತಲೆಯಾಡಿಸಿ ಹೋದಳು. ಮಾರ್ಟಿನಾ ಎದ್ದು ನೀರಿನ ಕ್ಯಾನಿನ ತನಕ ಹೋಗಿ, ನೀರು ಕುಡಿಯದೆ ವಾಪಸು ಬಂದಳು.

ಎರಡು ವಾರದ ಮೇಲೆ ಹುಡುಗಿ ಮತ್ತೆ ಬಂದಳು. ಈ ಸಲ ಕೂರಲಿಲ್ಲ.

"ಆಂಟಿ, ಚಂದಕ್ಕೆ ಹಾಕಿದ್ದಲ್ಲ ಅದು. ನಾನು ಲೆಕ್ಕ ಮಾಡಿ ನೋಡಿದೆ. ಓದು, ಇಂಗ್ಲಿಷ್, ಎಷ್ಟು ವರ್ಷದ ಅನುಭವ, ಎಲ್ಲ ಒಟ್ಟಿಗೆ ಸೇರಿಸಿದರೂ ಸಂಬಳ ಎಷ್ಟು ಅಂತ ಸರಿಯಾಗಿ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಕಲರ್ ಒಂದನ್ನು ಸೇರಿಸಿದರೆ ಹೇಳ್ಬಹುದು. ಎಂಟು ವರ್ಷ ಎಕ್ಸ್‌ಪೀರಿಯನ್ಸ್ ಇದ್ದ ನೀಲಿಗಿಂತ ಒಂದು ವರ್ಷದ ಹಳದಿಗೆ ಜಾಸ್ತಿ ಸಿಕ್ಕಿದೆ. ಮತ್ತೆ, ಸಾವಿರದ ಇನ್ನೂರು ಜನ ನೀಲಿ ಇದ್ದರಲ್ಲ, ಅವರಲ್ಲಿ ಹಳದಿ ಆದವರು ಎಷ್ಟು ಗೊತ್ತುಂಟಾ? ಏಳು ಜನ. ಹತ್ತು ವರ್ಷದಲ್ಲಿ."

ರುಮೈಸಾ ಲ್ಯಾಪ್‌ಟಾಪ್ ತಿರುಗಿಸಿ ಒಂದು ಸಾಲು ತೋರಿಸಿದಳು.

"ಮತ್ತೆ ಒಂದು ಸಾಲಿಗೆ ಕಲರೇ ಇಲ್ಲ. ಆರುನೂರ ಹದಿನಾಲ್ಕನೇದು. ಇಂಡಿಯನ್ ಪಾಸ್‌ಪೋರ್ಟ್, ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ, ಗೋವಾದಲ್ಲಿ ಮೂರು ವರ್ಷ ರಿಸೆಪ್ಷನ್. ಐದು ಭಾಷೆ. ಕೊಟ್ಟ ಕೆಲಸ ಲಾಂಡ್ರಿ. ಇಂಥ ಪೇಪರ್ ಇದ್ದ ಬೇರೆ ಇಂಡಿಯನ್ ಹೆಂಗಸರು ಯಾರೂ ಲಾಂಡ್ರಿಗೆ ಹೋಗಲಿಲ್ಲ. ಇದು ಟೈಪಿಂಗ್ ಮಿಸ್ಟೇಕಾ?"

"ನೋಡ್ತೇನೆ" ಎಂದಳು ಮಾರ್ಟಿನಾ. ನೋಡುವ ಅಗತ್ಯ ಅವಳಿಗಿರಲಿಲ್ಲ.

ಆ ಸಾಲು ಕ್ಯಾರೊಲಿನ್ ಸಿದ್ದಿಯದು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ನೇರವಾಗಿ ಕಚೇರಿಗೇ ಬಂದಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಪ್ಯಾಂಟು, ಬಿಗಿದು ಕಟ್ಟಿದ ಗುಂಗುರು ಕೂದಲು. ಉಗಾಂಡದವಳೋ ಕೀನ್ಯಾದವಳೋ ಇರಬೇಕೆಂದು ಮಾರ್ಟಿನಾ ಇಂಗ್ಲಿಷಿನಲ್ಲಿ ಕೂರಲು ಹೇಳಿದರೆ, ಅವಳು ಗೋಡೆಯ ಮೇಲಿನ ಕೊಂಕಣಿ ಕ್ಯಾಲೆಂಡರ್ ನೋಡಿ, "ಬಾಯೆ, ನೀವು ನಮ್ಮವರಾ?" ಎಂದು ಕೊಂಕಣಿಯಲ್ಲೇ ಕೇಳಿದಳು. ಹಳಿಯಾಳದ ಕಡೆಯ ಕಾಡಂಚಿನ ಹಳ್ಳಿಯವಳು. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವಾದಿಂದ ತಪ್ಪಿಸಿಕೊಂಡು ಆ ಕಾಡು ಸೇರಿದರೆಂದು ಹೇಳುವ ಸಿದ್ದಿಗಳ ಪೈಕಿ ಕ್ರಿಶ್ಚಿಯನ್ ಮನೆತನ. ಸಿಸ್ಟರುಗಳ ಶಾಲೆಯಲ್ಲಿ ಓದಿ, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿದ್ದಳು. ಕೊಂಕಣಿ, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು.

ಮಾರ್ಟಿನಾ ಅವಳಿಗೆ ಚಹಾ ತರಿಸಿದಳು. ಅವರ ಚರ್ಚಿನ ಹಬ್ಬದ ಬಗ್ಗೆ, ಅವಳ ಅಮ್ಮನ ಬಗ್ಗೆ, ಊರಿನ ಬಸ್ಸಿನ ಬಗ್ಗೆ ಅರ್ಧ ಗಂಟೆ ಕೇಳಿದಳು. ಆ ದಿನ ಒಂದು ಹೋಟೆಲಿಗೆ ಸ್ವಾಗತ ಕೌಂಟರಿಗೆ ಜನ ಬೇಕಾಗಿತ್ತು. ಮಾರ್ಟಿನಾ ಪಕ್ಕದ ಕೋಣೆಗೆ ಹೋಗಿ ಮ್ಯಾನೇಜರಿಗೆ ಫೋನು ಮಾಡಿದಳು. ಅವನು ಫೋಟೊ ಕಳಿಸಲು ಹೇಳಿದ. ಕಳಿಸಿದಳು. "ಇಂಡಿಯನ್ ಅಂದಿರಲ್ಲ?" ಎಂದ. "ಇಂಡಿಯನ್ನೇ ಸರ್." "ಕೌಂಟರಿಗೆ ಆಗುದಿಲ್ಲ. ಅತಿಥಿಗಳು ಕೇಳ್ತಾರೆ. ಲಾಂಡ್ರಿಯಲ್ಲಿ ಜಾಗ ಉಂಟು, ಬೇಕಾದರೆ." ಅವಳು ಹೊರಗೆ ಬಂದು, ಕೌಂಟರಿನ ಕೆಲಸಕ್ಕೆ ನಿನ್ನೆಯೇ ಬೇರೆಯವರು ಸೇರಿಬಿಟ್ಟರಂತೆ ಎಂದಳು. ವಿಸಿಟ್ ವೀಸಾ ಮುಗಿಯಲು ಒಂಬತ್ತು ದಿನ ಉಳಿದಿದ್ದ ಕ್ಯಾರೊಲಿನ್ ಲಾಂಡ್ರಿಗೆ ಒಪ್ಪಿಕೊಂಡಳು.

ಅವಳು ಹೋದಮೇಲೆ ಮಾರ್ಟಿನಾ ಪಟ್ಟಿಯಲ್ಲಿ ಅವಳ ಸಾಲು ತುಂಬಿದಳು. ಬಣ್ಣ ಹಚ್ಚಲು ಕೈ ಬರಲಿಲ್ಲ. ನೀಲಿ ಹಚ್ಚಿದರೆ ತಾನೇ ಅವಳನ್ನು ಲಾಂಡ್ರಿಗೆ ತಳ್ಳಿದಂತೆ ಎನ್ನಿಸಿತು. ಖಾಲಿ ಬಿಟ್ಟಳು. ನಮ್ಮ ಭಾಷೆಯ ಹುಡುಗಿ, ಇವಳನ್ನಾದರೂ ಯಾವ ಡಬ್ಬಿಗೂ ಹಾಕಲಿಲ್ಲ ನಾನು ಎಂಬ ಸಣ್ಣ ಸಮಾಧಾನವನ್ನು ಅವಳು ನಾಲ್ಕು ವರ್ಷ ಇಟ್ಟುಕೊಂಡಿದ್ದಳು.

ರುಮೈಸಾ ಕೇಳಿಹೋದ ಮೇಲೆ ಅವಳ ಚಡಪಡಿಕೆಗೆ ಅಂಕೆ ತಪ್ಪಿತು. ಕಾರ್ ಲಿಫ್ಟಿನಲ್ಲಿ ಮುಂದಿನ ಸೀಟು ಬೇಡವೆಂದು ಹಿಂದೆ ಹೋದಳು, ಹಿಂದಿನದು ಬೇಡವೆಂದು ಮುಂದೆ ಬಂದಳು. ಅಡಿಗೆಮನೆಯ ಡಬ್ಬಿಗಳನ್ನು ಇಳಿಸಿ, ತೊಳೆದು, ಬೇರೆ ಸಾಲಿನಲ್ಲಿ ಇಟ್ಟಳು. ಮರುದಿನ ಡಿಕ್ಸನ್ ಉಪ್ಪೆಂದು ತಿಳಿದು ಸಾರಿಗೆ ಸಕ್ಕರೆ ಹಾಕಿದ. ರಸ್ತೆಯಲ್ಲಿ ಹೋಗುವವರನ್ನು ನೋಡಿದರೆ ಸಾಕು, ಕೇಳದೆಯೇ ಅವಳ ತಲೆ ಬಣ್ಣ ಹಚ್ಚುತ್ತಿತ್ತು: ಹಸಿರು, ಕಂದು, ಕಂದು, ಹಳದಿ. ಮೊದಲೂ ಹಚ್ಚುತ್ತಿತ್ತೇನೋ, ಈಗ ಅವಳಿಗೆ ಕೇಳಿಸತೊಡಗಿತು. ಕಾರ್ನಿಶ್ ದಂಡೆಯಲ್ಲಿ ನಡೆಯುವಾಗ ಗಂಡನಿಗೆ ಎಲ್ಲ ಹೇಳಿದಳು.

ಡಿಕ್ಸನ್ ನಡಿಗೆ ನಿಲ್ಲಿಸಿದ. "ಹುಡುಗಿಗೆ ಹೇಳಿದ್ರೆ ನಿನ್ನ ಕೆಲಸ ಹೋಗ್ತದೆ" ಎಂದ. "ಹೇಳದಿದ್ರೆ ನಿನ್ನ ತಲೆ ಹೋಗ್ತದೆ. ಯಾವುದು ಬೇಕು ನೋಡು."

"ನಿಮಗೆ ಯಾವುದು ಬೇಕು?"

"ನನಗೆ ಸಾರಲ್ಲಿ ಉಪ್ಪು ಬೇಕು" ಎಂದ ಡಿಕ್ಸನ್.

ಅವಳಿಗೆ ನಗು ಬರಲಿಲ್ಲ. ಶನಿವಾರ ಬೆಳಿಗ್ಗೆ ದುಬೈ ಬಸ್ಸು ಹತ್ತಿದಳು.

ಕ್ಯಾರೊಲಿನ್ ಲಾಂಡ್ರಿ ಬಿಟ್ಟು ಎರಡು ವರ್ಷವಾಗಿತ್ತು. ಕಂಪೆನಿಯ ಹಳೆಯ ಸಂಪರ್ಕಗಳಲ್ಲಿ ಹುಡುಕಿದಾಗ, ರಾಸ್ ಅಲ್ ಖೋರಿನಲ್ಲಿ ಹಳೆಯ ಕಾರು ಮಾರುವ ಒಂದು ಅಂಗಳದಲ್ಲಿದ್ದಾಳೆಂದು ತಿಳಿಯಿತು. ಗ್ಯಾರೇಜುಗಳ, ಟಯರು ರಾಶಿಗಳ ನಡುವೆ ವಿಳಾಸ ಕೇಳಿಕೊಂಡು ಹೋದರೆ, ಸಾಲುಸಾಲು ಬಿಳಿ ಕಾರುಗಳ ನಡುವೆ ತಗಡಿನ ಕೋಣೆಯೊಂದರ ಮುಂದೆ ಕ್ಯಾರೊಲಿನ್ ನಿಂತಿದ್ದಳು. ಇಬ್ಬರು ಗಿರಾಕಿಗಳ ಜೊತೆ ಸ್ವಾಹಿಲಿಯಲ್ಲಿ ಚೌಕಾಸಿ ಮಾಡುತ್ತಿದ್ದಳು. ಅವರು ಹೋದ ಮೇಲೆ ಮಾರ್ಟಿನಾಳನ್ನು ನೋಡಿ ಗುರುತಿಸಿದಳು. ನಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಸ್ವಾಹಿಲಿ ಯಾವಾಗ ಕಲಿತೆ?"

"ಇಲ್ಲೇ. ಕಾರು ತೆಗೊಳ್ಳೋರು ಮೊಂಬಾಸಾದೋರು, ದಾರೆಸ್ಸಲಾಮಿನೋರು. ನನ್ನ ಮುಖ ನೋಡಿ ತಮ್ಮೋಳು ಅಂತ ಬರ್ತಾರ. ಅದಕ್ಕೇ ಸೇಟು ನನ್ನ ಇಟ್ಕೊಂಡಾನ. ಆರು ತಿಂಗಳಿಗೆ ಮಾತು ಬಂತು." ಕೊಂಕಣಿಯ ನಡುವೆ ಅವಳ ಹಳಿಯಾಳದ ಕನ್ನಡ ಬಂದು ಬಂದು ಹೋಗುತ್ತಿತ್ತು. "ಹೋಟೆಲ್ಲಿನಾಗ ಆಗದ ಮುಖ ಇಲ್ಲಿ ಆಗೇತಿ. ಎರಡೂ ಕಡೆ ಮುಖಾನೇ. ಕೆಲಸ ಏನು ಬರ್ತೇತಿ ಅಂತ ಯಾರೂ ಕೇಳಂಗಿಲ್ಲ."

ಮಾರ್ಟಿನಾ ಒಂದೇ ಉಸಿರಿಗೆ ಹೇಳಿಬಿಟ್ಟಳು: ಆ ದಿನ ಕೌಂಟರಿನ ಕೆಲಸಕ್ಕೆ ಯಾರೂ ಸೇರಿರಲಿಲ್ಲ, ತಾನು ಸುಳ್ಳು ಹೇಳಿದ್ದು, ಮ್ಯಾನೇಜರ್ ಫೋಟೊ ನೋಡಿ ಬೇಡವೆಂದದ್ದು.

"ಗೊತ್ತೈತಿ" ಎಂದಳು ಕ್ಯಾರೊಲಿನ್. "ಪಕ್ಕದ ಕೋಣೆಯ ಗೋಡೆ ಪ್ಲೈವುಡ್ಡಿಂದು. 'ಇಂಡಿಯನ್ನೇ ಸರ್' ಅಂತ ನೀವು ಎರಡು ಸಲ ಅಂದ್ರಿ."

"ಗೊತ್ತಿದ್ದೂ ಚಹಾ ಕುಡಿದೆಯಲ್ಲ?"

"ಬಿಸಿ ಇತ್ತು, ಕುಡಿದೆ. ಒಂಬತ್ತು ದಿನ ಇತ್ತು, ಜಗಳ ಮಾಡಿ ಏನು ಮಾಡ್ಲಿ?"

ಆಗ ಮಾರ್ಟಿನಾ ಬಣ್ಣದ ವಿಷಯ ತೆಗೆದಳು. ತಾನು ಪ್ರತಿಯೊಬ್ಬರಿಗೂ ಬಣ್ಣ ಹಚ್ಚುತ್ತಿದ್ದದ್ದು, ಅವಳಿಗೆ ಮಾತ್ರ ಹಚ್ಚದೆ ಬಿಟ್ಟದ್ದು. ಇದನ್ನು ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ನಿರೀಕ್ಷೆ ಇತ್ತು. ಕ್ಯಾರೊಲಿನ್ ಕೇಳಿಸಿಕೊಂಡು, ಬಣ್ಣದಿಂದ ಏನು ಮಾಡುತ್ತಿದ್ದಿರಿ ಎಂದಳು. ಹೋಟೆಲಿನವರು ಕೇಳಿದಾಗ ಆ ಬಣ್ಣದವರನ್ನು ಸೋಸಿ ತೆಗೆಯುವುದು, ಎಂದಳು ಮಾರ್ಟಿನಾ.

"ಅಂದ್ರ ಬಣ್ಣ ಇಲ್ಲದೋರು?"

"ಅವರು... ಸೋಸಿದಾಗ ಬರುವುದಿಲ್ಲ" ಎಂದಳು ಮಾರ್ಟಿನಾ.

"ಲಾಂಡ್ರಿಯಿಂದ ಮೂರು ಸಲ ನಾನು ನಿಮ್ಮ ಆಫೀಸಿಗೆ ಫೋನ್ ಮಾಡೇನಿ" ಎಂದಳು ಕ್ಯಾರೊಲಿನ್. "ಬ್ಯಾರೆ ಏನಾರ ಬಂದ್ರ ಹೇಳ್ರಿ, ಊಟದ ಸಾಲಿ ಆದ್ರೂ ಆಗ್ತೇತಿ ಅಂದೆ. 'ನಿನ್ನ ಹೆಸರು ಲಿಸ್ಟಲ್ಲಿ ಉಂಟು, ಬಂದ ಕೂಡಲೇ ಕರೀತೇವೆ' ಅಂದ್ರಿ ನೀವು. ಎರಡು ವರ್ಷ ಯಾರೂ ಕರೀಲಿಲ್ಲ. ಈಗ ತಿಳೀತು. ನಾನು ಯಾವ ಲಿಸ್ಟಿನಾಗೂ ಇರ್ಲಿಲ್ಲ. ನೀಲಿ ಹಚ್ಚಿದ್ರ ಅಡಿಗಿಮನಿಗೆ ಆದ್ರೂ ಹೋಗ್ತಿದ್ನಿ. ನನಗ ಉಪಕಾರ ಮಾಡೇನಿ ಅಂತ ತಿಳಕೊಂಡಿದ್ರೇನು?"

ಮಾರ್ಟಿನಾಳ ಕಣ್ಣು ತುಂಬಿತು. ಕ್ಯಾರೊಲಿನ್‌ಗೆ ಅದು ಹಿಡಿಸಲಿಲ್ಲ.

"ಅಳಬ್ಯಾಡ್ರಿ ಬಾಯೆ, ಗಿರಾಕಿ ಬರ್ತಾರ. ಹೋಗಲಿ ಬಿಡು ಅಂತ ನನ್ನ ಕಡೆ ಹೇಳಿಸ್ಕೊಳ್ಳಾಕ ಬಂದೀರಿ ಅಂದ್ರ, ನಾನು ಹೇಳಂಗಿಲ್ಲ. ಆ ಹುಡುಗಿ ಕೇಳ್ಯಾಳಲ್ಲ, ಹೋಗಿ ಆಕಿಗೆ ಹೇಳ್ರಿ."

ಸೋಮವಾರ ಮಾರ್ಟಿನಾ ರುಮೈಸಾಳನ್ನು ಕರೆಸಿದಳು. ನಾಲ್ಕು ಬಣ್ಣಗಳ ಅರ್ಥ, ಯಾವ ದೇಶದವರನ್ನು ಯಾಕೆ ಎಲ್ಲಿ ಹಾಕಿದ್ದು, ಫೋನಿನಲ್ಲಿ ಯಾವ ಮಾತು ಬಂದರೆ ಯಾವ ಬಣ್ಣ, ಒಂದೇ ದೇಶದವರಲ್ಲೂ ಮೈ ಬೆಳ್ಳಗಿದ್ದವಳು ಹಳದಿಯಾಗಿ ಕಪ್ಪಗಿದ್ದವಳು ಹಸಿರಾದದ್ದು ಹೇಗೆ, ಎಲ್ಲ ಹೇಳಿದಳು. ಮೂರು ಗಂಟೆ ಹಿಡಿಯಿತು. ಇಡೀ ಹೊತ್ತು ಅವಳು ನಿಂತೇ ಇದ್ದಳು. ರುಮೈಸಾ ಬರೆದುಕೊಳ್ಳುವುದನ್ನು ನಡುವೆ ನಿಲ್ಲಿಸಿ, "ನನ್ನ ಅರ್ಜಿ ಬಂದಿದ್ದರೆ ಯಾವ ಕಲರ್ ಆಂಟಿ?" ಎಂದಳು.

ಮಾರ್ಟಿನಾ ಅವಳ ಮುಖ ನೋಡಿದಳು, ತಲೆಯ ಸ್ಕಾರ್ಫ್ ನೋಡಿದಳು. ಸುಳ್ಳು ಹೇಳುವ ಮನಸ್ಸು ಮುಗಿದುಹೋಗಿತ್ತು. "ಹಸಿರು" ಎಂದಳು. ರುಮೈಸಾ ಅದನ್ನೂ ಬರೆದುಕೊಂಡಳು.

ಮಗಳಿಂದ ವಿಷಯ ತಿಳಿದ ಹಸೀಬರು ಮರುದಿನ ಅವಳನ್ನು ತಮ್ಮ ಕೋಣೆಗೆ ಕರೆದರು. ಅವರು ಬಯ್ಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು ಎಂದು ಮಾರ್ಟಿನಾ ಆಮೇಲೆ ಹೇಳುತ್ತಿದ್ದಳು.

"ಮಾರ್ಟಿನಾ ಬಾಯಿ, ಇಪ್ಪತ್ತು ವರ್ಷದಲ್ಲಿ ಯಾರೂ ಬರೆಯದೆ ಇದ್ದದ್ದನ್ನು ನೀವು ಬರೆದಿಟ್ಟಿದ್ದೀರಿ. ಇದು ಹೊರಗೆ ಹೋದರೆ ಯಾರ ಕುತ್ತಿಗೆಗೆ ಬರ್ತದೆ? ಫೋನ್ ಮಾಡಿದ ಮ್ಯಾನೇಜರಿಗಾ? ಅವನ ಹೆಸರು ಎಲ್ಲೂ ಇಲ್ಲ. ನಮ್ಮದು ಉಂಟು."

"ಹೌದು ಸರ್."

"ನಾನೇನು ಖುಷಿಯಿಂದ ಮಾಡ್ತೇನಾ? ಅವರು ಕೇಳಿದ ಜನ ಕೊಡದಿದ್ದರೆ ಎದುರಿನ ಕಂಪೆನಿ ಕೊಡ್ತದೆ. ನನ್ನ ಅಪ್ಪನಿಗೆ ಈ ಊರಲ್ಲೇ ಎರಡು ಕಡೆ ಮುಖ ನೋಡಿ ಬಾಡಿಗೆ ಮನೆ ಕೊಡಲಿಲ್ಲ. ನನಗೆ ಗೊತ್ತಿಲ್ಲ ಅಂತ ತಿಳ್ಕೊಳ್ಬೇಡಿ." ಅವರು ಕೈ ಕೊಡವಿ, "ಬಣ್ಣ ತೆಗೆದುಬಿಡಿ. ಇವತ್ತೇ. ಖಲಾಸ್" ಎಂದರು.

ಅವಳು ತೆಗೆದಳು. ಎಲ್ಲ ಸಾಲುಗಳನ್ನೂ ಒಟ್ಟಿಗೆ ಹಿಡಿದು ಒಂದು ಗುಂಡಿ ಒತ್ತಿದರೆ ಸಾಕಾಗಿತ್ತು. ಹದಿನಾರು ವರ್ಷ ಒಂದು ಕ್ಷಣದಲ್ಲಿ ಬೆಳ್ಳಗಾಯಿತು. ಆದರೆ ರುಮೈಸಾಳ ಬಳಿ ಪ್ರತಿ ಇತ್ತು, ಅವಳು ಅಪ್ಪನ ಮಾತಿಗೆ ಬಗ್ಗಲಿಲ್ಲ. ಆ ಮನೆಯಲ್ಲಿ ಹದಿನೈದು ದಿನ ಅಪ್ಪ ಮಗಳಿಗೆ ಮಾತಿರಲಿಲ್ಲವಂತೆ. ಕೊನೆಗೆ ಕಂಪೆನಿಯ ಹೆಸರು, ಊರಿನ ಗುರುತು ಯಾವುದೂ ಇರಬಾರದು ಎಂಬ ಕರಾರಿನ ಮೇಲೆ ಹಸೀಬ್ ಒಪ್ಪಿದರು. ಮಾರ್ಟಿನಾಳನ್ನು ವೀಸಾ ನವೀಕರಣದ ಮೇಜಿಗೆ ಹಾಕಿದರು. ಅವಳ ಜಾಗಕ್ಕೆ ಗೇಬ್ರಿಯಲ್ ಎಂಬ ಹೊಸಬ ಬಂದ. ಅವನ ತಂತ್ರಾಂಶದಲ್ಲಿ ಬಣ್ಣವಿರಲಿಲ್ಲ, ಫೋಟೊ ಹಾಕುವ ಜಾಗವೂ ಇರಲಿಲ್ಲ.

ಜುಲೈಯಲ್ಲಿ ರುಮೈಸಾ ಪ್ರಬಂಧದ ಕರಡು ಮುಗಿಸಿ ಒಂದು ಪ್ರತಿ ಕಳಿಸಿದಳು. ಮಾರ್ಟಿನಾ ಅದನ್ನು ಕಾರ್ ಲಿಫ್ಟಿನಲ್ಲಿ ಓದಲು ಹೆಣಗಿದಳು. ಕೋಷ್ಟಕಗಳು ಅವಳಿಗೆ ಅರ್ಥವಾಗಲಿಲ್ಲ, ಬಣ್ಣಗಳು ಅರ್ಥವಾದವು. 'ನೇಮಕಾತಿ ಉದ್ಯೋಗಿಯೊಬ್ಬರು ಸ್ವತಃ ರೂಪಿಸಿದ ವರ್ಗೀಕರಣ' ಎಂದಿದ್ದದ್ದು ತನ್ನ ಬಗ್ಗೆಯೇ ಎಂದು ಗೊತ್ತಾಯಿತು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ವರ್ಗ ನಮೂದಾಗದ ಒಂದು ದಾಖಲೆಯನ್ನು ವಿಶ್ಲೇಷಣೆಯಿಂದ ಕೈಬಿಡಲಾಗಿದೆ. ಕಾರು ನಡುದಾರಿಯ ಘಾಂತೂತ್ ದಾಟುತ್ತಿತ್ತು. ಅವಳು ಅಲ್ಲಿಂದಲೇ ಫೋನು ಮಾಡಿದಳು.

"ಕೈಬಿಟ್ಟದ್ದು ಯಾಕೆ?"

"ಆಂಟಿ, ಮಿಸ್ಸಿಂಗ್ ವ್ಯಾಲ್ಯೂ ಅದು. ಕಲರ್ ಇಲ್ಲದಿದ್ದರೆ ಲೆಕ್ಕಕ್ಕೆ ತೆಗೊಳ್ಲಿಕ್ಕೆ ಆಗುದಿಲ್ಲ. ಎಲ್ಲರೂ ಹಾಗೇ ಮಾಡುದು. ನಾಲ್ಕು ಸಾವಿರದಲ್ಲಿ ಒಂದು, ರಿಸಲ್ಟ್ ಬದಲಾಗುದಿಲ್ಲ."

"ಮೊದಲು ನಾನು ಬಿಟ್ಟೆ, ಈಗ ನೀನು ಬಿಟ್ಟೆ. ಮತ್ತೆ ನಿನ್ನ ಓದು ಎಂತಕ್ಕೆ ಮಾರಾಯ್ತಿ?" ಕಾರಿನಲ್ಲಿದ್ದ ನಾಲ್ವರೂ ಅವಳತ್ತ ತಿರುಗಿದರು. ಅವಳು ದನಿ ತಗ್ಗಿಸಲಿಲ್ಲ. "ಅವಳು ಯಾವ ಬಣ್ಣಕ್ಕೂ ಬರಲಿಲ್ಲ, ಅದಕ್ಕೆ ಎಲ್ಲ ಬಾಗಿಲೂ ಮುಚ್ಚಿತು. ಇದು ರಿಸಲ್ಟ್ ಅಲ್ವಾ?"

"ಅವರ ನಂಬರ್ ಕೊಡ್ತೀರಾ?" ಎಂದಳು ರುಮೈಸಾ.

ಕ್ಯಾರೊಲಿನ್ ಮೊದಲು ಒಪ್ಪಲಿಲ್ಲ. ಎರಡನೇ ಸಲ ಕೇಳಿದಾಗ, ಕಾರಿನಂಗಳಕ್ಕೇ ಬರುವುದಾದರೆ ಮಾತಾಡುತ್ತೇನೆ, ರಜೆ ಹಾಕಲಾರೆ ಎಂದಳು. ರುಮೈಸಾ ಆಗಸ್ಟಿನ ಬಿಸಿಲಲ್ಲಿ ಅಲ್ಲಿಗೆ ನಾಲ್ಕು ಸಲ ಹೋದಳು. ಆ ಮಾತುಕತೆ ಪ್ರಬಂಧದ ಕೊನೆಯಲ್ಲಿ, ಅಂಕಿಗಳಿಲ್ಲದ ಹನ್ನೊಂದು ಪುಟದ ಅಧ್ಯಾಯವಾಯಿತು. ಹೆಸರು ಬದಲಿಸಲೇಬೇಕಾಗಿತ್ತು, ಯಾವ ಹೆಸರು ಬೇಕೆಂದು ಕೇಳಿದಾಗ ಕ್ಯಾರೊಲಿನ್ ತನ್ನ ಅಜ್ಜಿಯ ಹೆಸರು ಕೊಟ್ಟಳಂತೆ. ಪರೀಕ್ಷಕರಲ್ಲಿ ಒಬ್ಬರು ಆ ಅಧ್ಯಾಯವನ್ನು ಮೆಚ್ಚಿದರು, ಇನ್ನೊಬ್ಬರು ಇದು ಅರ್ಥಶಾಸ್ತ್ರವಲ್ಲ ಎಂದರು. ಪದವಿ ಸಿಕ್ಕಿತು. ಹೋಟೆಲುಗಳಲ್ಲಿ ಏನೂ ಬದಲಾಗಲಿಲ್ಲ.

ವೀಸಾದ ಮೇಜಿನಿಂದ ಮಾರ್ಟಿನಾಗೆ ಗೇಬ್ರಿಯಲ್‌ನ ಫೋನು ಕೇಳಿಸುತ್ತಿತ್ತು. "ಯೆಸ್ ಸರ್. ಗೊತ್ತಾಯ್ತು ಸರ್. ಬರೆಯುದಿಲ್ಲ ಸರ್." ಅವನದು ಒಳ್ಳೆಯ ಸ್ವಭಾವ, ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ಅವನಿಗೆ ಹೇಳಲು ಅವಳ ಬಳಿ ಏನೂ ಇರಲಿಲ್ಲ, ಅವಳೂ ಅದನ್ನೇ ಹೇಳುತ್ತಿದ್ದವಳು. ಆರು ತಿಂಗಳು ತಡೆದುಕೊಂಡು ರಾಜೀನಾಮೆ ಕೊಟ್ಟಳು. ಐವತ್ತನೇ ವಯಸ್ಸಿನಲ್ಲಿ ಅರ್ಜಿ ಹಿಡಿದು ತಿರುಗಿದಳು. ಫೋಟೊ ಕೇಳಿದ ಕಡೆಗಳಲ್ಲಿ ಯಾಕೆಂದು ಕೇಳುತ್ತಿದ್ದಳು. ಕೊನೆಗೆ ಟೂರಿಸ್ಟ್ ಕ್ಲಬ್ ಏರಿಯಾದಲ್ಲೇ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ರೋಗಿಗಳಿಗೆ ಸಮಯ ಗೊತ್ತುಮಾಡುವ ಕೆಲಸ ಸಿಕ್ಕಿತು. ಸಂಬಳ ಕಡಿಮೆ, ನಡೆದೇ ಹೋಗಬಹುದು.

ಕಳೆದ ಜನವರಿಯಲ್ಲಿ ಅವಳಿಗೆ ಕ್ಯಾರೊಲಿನ್‌ಳ ಫೋನು ಬಂತು. ಕ್ಷೇಮ ಸಮಾಚಾರವೇನೂ ಇಲ್ಲ.

"ಬಾಯೆ, ನಮ್ಮೂರಿನ ಹುಡುಗಿ ಒಬ್ಬಾಕಿ ಬಂದಾಳ. ಶಾಹಿನ. ಆಕಿನೂ ಸಿದ್ದಿನೇ, ಮುಸ್ಲಿಮ್ ಮನೀದು. ಹೋಟೆಲ್ ಕೋರ್ಸ್ ಮಾಡ್ಯಾಳ, ವಿಸಿಟ್ ಮ್ಯಾಲ ಬಂದಾಳ. ಯಾವ ಹೋಟೆಲ್ಲಿನಾಗ ಏನಂತಾರ ಅಂತ ನಿಮಗ ಗೊತ್ತೈತಲ್ಲ. ಆಕಿಗೆ ಹೇಳ್ರಿ. ಇದ್ದದ್ದು ಇದ್ದಂಗ ಹೇಳ್ರಿ."

ಮಾರ್ಟಿನಾ ಹೇಳಿದ್ದಷ್ಟೇ ಅಲ್ಲ, ಒಂದು ದಿನ ರಜೆ ಹಾಕಿ ದುಬೈಗೆ ಹೋದಳು. ಮೆಟ್ರೊ ನಿಲ್ದಾಣದಲ್ಲಿ ಶಾಹಿನಳನ್ನು ಕೂರಿಸಿ, ಹದಿನಾರು ವರ್ಷದಲ್ಲಿ ಫೋನಿನಲ್ಲಿ ಕೇಳಿದ್ದನ್ನೆಲ್ಲ ಬಿಚ್ಚಿದಳು: ಎಲ್ಲಿ ಹೋದರೆ ಬಾಗಿಲಲ್ಲೇ ಕಾವಲಿನ ಕೆಲಸ ತೋರಿಸುತ್ತಾರೆ, ಎಲ್ಲಿ 'ಆಮೇಲೆ ತಿಳಿಸುತ್ತೇವೆ' ಎಂದರೆ ಇಲ್ಲವೆಂದರ್ಥ, ಯಾವ ಮ್ಯಾನೇಜರ್ ಮಾತಿಗೆ ಬೆಲೆ ಕೊಡುತ್ತಾನೆ. ಹುಡುಗಿ ಕಣ್ಣು ಪಿಳುಕಿಸದೆ ಕೇಳಿದಳು. ಆಮೇಲೆ ಇಬ್ಬರೂ ಹೊರಟರು.

ಮೊದಲ ಹೋಟೆಲಿನವರು ಹೌಸ್‌ಕೀಪಿಂಗ್ ಕೆಲಸದ ಅರ್ಜಿ ನಮೂನೆ ಕೈಗಿಟ್ಟರು. "ಅವಳು ಕೇಳಿದ್ದು ಕೌಂಟರ್" ಎಂದು ಮಾರ್ಟಿನಾ ಅದನ್ನು ಹಿಂದೆ ಕೊಟ್ಟಳು. ಎರಡನೆಯದರಲ್ಲಿ ಆಮೇಲೆ ತಿಳಿಸುತ್ತೇವೆ ಎಂದರು. ಬರ್ ದುಬೈಯ ಮೂರನೆಯದು ಸಣ್ಣ ಹೋಟೆಲು. ಅಲ್ಲಿನ ಮ್ಯಾನೇಜರ್ ಹೆಂಗಸು ಅರ್ಜಿಯನ್ನು ಪಕ್ಕಕ್ಕಿಟ್ಟು, ಕೋಣೆ ಬಿಡುವ ಹೊತ್ತಿನ ಬಗ್ಗೆ ಜಗಳವಾಡುತ್ತಿದ್ದ ಅತಿಥಿಯೊಬ್ಬನನ್ನು ತೋರಿಸಿ, "ಹೋಗಿ ಅವನ ಹತ್ತಿರ ಮಾತಾಡು" ಎಂದಳು. ಶಾಹಿನ ಹೋದಳು. ಐದು ನಿಮಿಷದಲ್ಲಿ ಆ ಮನುಷ್ಯ ಪೆಟ್ಟಿಗೆ ಎಳೆದುಕೊಂಡು, ಗೊಣಗುತ್ತಲೇ ಆದರೂ, ಹೊರಟುಹೋದ.

"ಸೋಮವಾರ ಒಂಬತ್ತಕ್ಕೆ ಬಾ. ಮಾಲೀಕರು ಇರ್ತಾರೆ" ಎಂದಳು ಮ್ಯಾನೇಜರ್.

ಹೊರಗೆ ಬಂದ ಮೇಲೆ ಶಾಹಿನ, "ಸಿಗ್ತೇತೇನ್ರಿ ಆಂಟಿ?" ಎಂದು ಕೇಳಿದಳು.

"ಗೊತ್ತಿಲ್ಲ. ಮಾಲೀಕನನ್ನು ನಾನು ನೋಡಿಲ್ಲ" ಎಂದಳು ಮಾರ್ಟಿನಾ. ಆಗಲೇ ಅವಳು ರಸ್ತೆ ದಾಟಲು ಶುರುಮಾಡಿದ್ದಳು. "ಯಲ್ಲಾ, ನಡಿ. ನಾಲ್ಕು ಗಂಟೆಯೊಳಗೆ ಇನ್ನೆರಡು ನೋಡುವ."